ಕಲೆಯನ್ನು ಕಾಯಕವಾಗಿಸಿದ ಗುಬ್ಬಿ ವೀರಣ್ಣನವರು

ಮನುಷ್ಯನ ಬಾಳಿಗೆ ಅನ್ನವೂ ಬೇಕು, ಆನಂದವೂ ಬೇಕು. ಅನ್ನವನ್ನೀಯುವ ಉದ್ಯೋಗವು ಆನಂದವನ್ನು ಕೊಡದೆ ಹೋಗಬಹುದು. ಆನಂದವನ್ನೀಯುವ ಕಲೆಯು ಅನ್ನವನ್ನು ಕೊಡದೆ ಹೋಗಬಹುದು. ಈ ಎರಡನ್ನೂ ಒಂದೇ ದುಡಿಮೆಯಿಂದ ಪಡೆದವರು ವಿರಳ. ತಾವು ಪಡೆದುದಲ್ಲದೆ ತಮ್ಮನ್ನು ನಂಬಿ ಬಂದ ನೂರಾರು ಜನರಿಗೂ ಅದನ್ನು ಒದಗಿಸಿಕೊಟ್ಟವರು ಇನ್ನೂ ವಿರಳ. ಅಂತಹ ವಿರಳರಲ್ಲಿ ನಾಟಕರತ್ನ ಗುಬ್ಬಿ ವೀರಣ್ಣನವರು ಒಬ್ಬರು. ಅವರು ತಮ್ಮ ಆತ್ಮಕಥೆಗೆ 'ಕಲೆಯೇ ಕಾಯಕ' ಎಂಬ ಹೆಸರನ್ನಿಟ್ಟರು. ಶರಣರು ಬೋಧಿಸಿದ ಕಾಯಕತತ್ತ್ವವನ್ನು ರಂಗಭೂಮಿಯಂತಹ ಚಂಚಲ ವೃತ್ತಿಗೆ ಅನ್ವಯಿಸಿ ಬಾಳಿದವರೆಂಬ ಕಾರಣದಿಂದ ಅವರ ಚರಿತ್ರೆಯು ಶ್ರೀಮಠದ ಆಶ್ರಯದಲ್ಲಿ ನಡೆಯುವ ವಿದ್ಯಾಸಂಸ್ಥೆಯ ಈ ಸ್ಮರಣ ಸಂಪುಟದಲ್ಲಿ ಉಚಿತವೆಂದು ಭಾವಿಸಿದ್ದೇನೆ.

ನಮ್ಮ ಅಂಕಲಗಿಯ ಸೀಮೆಗೆ ಆಟ-ನಾಟಕಗಳು ಹೊಸವಲ್ಲ. ಶ್ರೀಕೃಷ್ಣ ಪಾರಿಜಾತವನ್ನು ಬೆಳೆಸಿ ಮನೆಮಾತಾಗಿಸಿದ ಕುಲಗೋಡ ತಮ್ಮಣ್ಣನ ಊರು ನಮಗೆ ದೂರದ್ದಲ್ಲ. ಅದೇ ಆಟದಿಂದ ನಾಡಿಗೆಲ್ಲ ಹೆಸರಾದ ಕೌಜಲಗಿ ನಿಂಗಮ್ಮನ ಊರೂ ದೂರದ್ದಲ್ಲ. ಬೆಳಗಾವಿ ಜಿಲ್ಲೆಯ ಏಣಗಿಯಲ್ಲಿ ೧೯೧೪ರಲ್ಲಿ ಹುಟ್ಟಿದ ಬಾಳಪ್ಪನವರು ನೂರು ವರ್ಷಕ್ಕೂ ಮಿಕ್ಕಿ ಬಾಳಿ, ಶರಣರ ಪಾತ್ರಗಳನ್ನು ರಂಗಕ್ಕೆ ತಂದು ೨೦೧೭ರಲ್ಲಿ ಲಿಂಗೈಕ್ಯರಾದುದನ್ನು ನಾವೆಲ್ಲ ಬಲ್ಲೆವು. ಜಾತ್ರೆಯ ರಾತ್ರಿ ಬೆಳಗಾಗುವತನಕ ಆಟ ನೋಡಿದ ಹಿರಿಯರು ಇಲ್ಲಿಯ ಪ್ರತಿಯೊಂದು ಮನೆಯಲ್ಲಿಯೂ ಇದ್ದರು. ಆದರೂ ಮನೆಯ ಹುಡುಗನೇ ತಾನು ಕಂಪನಿ ಸೇರುವೆನೆಂದಾಗ ಅದೇ ಹಿರಿಯರು ಎದೆಯೊಡೆದುಕೊಳ್ಳುತ್ತಿದ್ದರು. ಗೋಕಾಕ ಜಲಪಾತದ ಬಳಿಯ ಅರಳೆಯ ಗಿರಣಿಯಲ್ಲಿ ದುಡಿದವನಿಗೆ ತಿಂಗಳಿಗೊಮ್ಮೆ ಪಗಾರ ನಿಶ್ಚಿತ; ಬಣ್ಣ ಹಚ್ಚಿದವನಿಗೆ ನಾಳಿನ ಊಟವೇ ಅನಿಶ್ಚಿತ. ಅವರ ಭಯವು ಅಜ್ಞಾನದಿಂದ ಹುಟ್ಟಿದುದಲ್ಲ, ಕಣ್ಣಾರೆ ಕಂಡುದರಿಂದ ಹುಟ್ಟಿದುದು. ಆ ಭಯಕ್ಕೆ ವೀರಣ್ಣನವರ ಬಾಳು ಯಾವ ಉತ್ತರವನ್ನು ಕೊಡುತ್ತದೆಂಬುದನ್ನು ನೋಡಬೇಕಾಗಿದೆ.

ಜನನ ಮತ್ತು ಪರಿಸರ

ತುಮಕೂರು ಜಿಲ್ಲೆಯ ಗುಬ್ಬಿಯು ವೀರಶೈವ ಸಾಹಿತ್ಯಕ್ಕೂ ಧರ್ಮಕ್ಕೂ ನೆಲೆಯಾದ ಪುಣ್ಯಕ್ಷೇತ್ರ. 'ಭಾವಚಿಂತಾರತ್ನ', 'ವೀರಶೈವಾಮೃತ ಮಹಾಪುರಾಣ'ಗಳನ್ನು ರಚಿಸಿದ ೧೬ನೆಯ ಶತಮಾನದ ಮಲ್ಲಣಾರ್ಯನು ಆ ಊರಿನವನು. ಎಡೆಯೂರಿನ ತೋಂಟದ ಸಿದ್ಧಲಿಂಗ ಯತಿಗಳ ಗುರುಗಳೆಂದು ಪರಂಪರೆಯು ಕೊಂಡಾಡುವ ಗೋಸಲ ಶ್ರೀ ಚನ್ನಬಸವೇಶ್ವರರು ಆ ಊರಿನ ಆರಾಧ್ಯ ದೈವ. ೧೮೮೪ರಲ್ಲಿ ಅಲ್ಲಿಯ ಚಂದಣ್ಣನವರು, ಅಬ್ದುಲ್ ಅಜೀಜ್ ಸಾಹೇಬರು ಮೊದಲಾದ ಕಲಾಪ್ರೇಮಿಗಳು ಕೂಡಿ ಒಂದು ನಾಟಕ ಮಂಡಳಿಯನ್ನು ಕಟ್ಟಿ ಅದಕ್ಕೆ ಆ ದೈವದ ಹೆಸರನ್ನೇ ಇಟ್ಟರು. ಬೇರೆ ಬೇರೆ ಮತದವರು ಒಂದೇ ದೈವದ ಕೃಪೆಯನ್ನು ಹೊತ್ತು ಒಂದೇ ರಂಗದ ಮೇಲೆ ನಿಂತುದು ಆ ಕಾಲದ ಹಳ್ಳಿಗಾಡಿನ ಸಹಜ ಸೌಜನ್ಯಕ್ಕೆ ಸಾಕ್ಷಿ. ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯ ಮೂಲವು ಇದು. ಗೋಕಾಕದಲ್ಲಿ ಗಿರಣಿಯು ತಲೆಯೆತ್ತಿದ ದಶಕದಲ್ಲಿಯೇ ಗುಬ್ಬಿಯಲ್ಲಿ ಈ ಮಂಡಳಿಯೂ ತಲೆಯೆತ್ತಿತು.

ಹಂಪಣ್ಣನವರ ಮಗನಾಗಿ ವೀರಣ್ಣನವರು ೧೮೯೧ರ ಜನವರಿ ೨೪ರಂದು ಜನಿಸಿದರು. ಶಾಲೆಯ ವಿದ್ಯೆಯು ಅವರಿಗೆ ಹೆಚ್ಚು ದಕ್ಕಲಿಲ್ಲ. ಬಾಲಕನಾಗಿರುವಾಗಲೇ ಅವರು ಕಂಪನಿಯನ್ನು ಸೇರಿದರು. ಬಾಲಪಾತ್ರಗಳಿಂದ ಮೊದಲುಮಾಡಿ ಹಾಡು, ಮಾತು, ಕುಣಿತ, ವೇಷಗಳೆಲ್ಲವನ್ನೂ ರಂಗದ ಮೇಲೆಯೇ ಕಲಿತರು. ಪರದೆ ಎಳೆಯುವುದರಿಂದ ಹಿಡಿದು ಟಿಕೇಟಿನ ಹಣ ಎಣಿಸುವತನಕ ಕಂಪನಿಯ ಪ್ರತಿಯೊಂದು ಕೆಲಸವೂ ಅವರಿಗೆ ಪರಿಚಿತವಾಯಿತು. ಮುಂದೆ ಯಜಮಾನರಾದಾಗ ಅವರನ್ನು ಕಾಪಾಡಿದುದು ಈ ಅನುಭವವೇ ಎಂದರೆ ತಪ್ಪಾಗದು. ನಟನಾಗಿ ಅವರ ಒಲವು ಹಾಸ್ಯದ ಕಡೆಗೆ. ಬೆಳ್ಳಾವೆ ನರಹರಿಶಾಸ್ತ್ರಿಗಳ 'ಸದಾರಮೆ' ನಾಟಕದಲ್ಲಿ ಅವರು ಧರಿಸುತ್ತಿದ್ದ ಕಳ್ಳನ ಪಾತ್ರವು ಮೈಸೂರು ಸಂಸ್ಥಾನದ ಮನೆಮಾತಾಯಿತು. ನಾಯಕನನ್ನು ನೋಡಲು ಬಂದ ಜನ ಕಳ್ಳನನ್ನು ನೆನೆಯುತ್ತ ಮನೆಗೆ ಹೋಗುತ್ತಿದ್ದರು.

ಯಜಮಾನಿಕೆಯ ಭಾರ

೧೯೧೭ರಲ್ಲಿ ಕಂಪನಿಯ ಒಡೆತನವು ವೀರಣ್ಣನವರ ಹೆಗಲಿಗೆ ಬಂದಿತು. ಆಗ ಅವರಿಗೆ ೨೬ ವರ್ಷ. ಈ ಭಾರವು ಎಂತಹದೆಂಬುದನ್ನು ಇಂದಿನ ಓದುಗರು ಅರಿಯಬೇಕಾದರೆ ಕಂಪನಿ ನಾಟಕದ ಆದಾಯ-ವೆಚ್ಚಗಳ ರೀತಿಯನ್ನು ಸ್ವಲ್ಪ ತಿಳಿಯಬೇಕು.

ಕಂಪನಿಯೆಂದರೆ ಸಂಚರಿಸುವ ಒಂದು ಊರು. ನಟರು, ಗಾಯಕರು, ವಾದ್ಯಗಾರರು, ಪರದೆ ಬರೆಯುವವರು, ಬಡಗಿಗಳು, ದೀಪದವರು, ಅಡಿಗೆಯವರು, ಅವರ ಹೆಂಡಿರು ಮಕ್ಕಳು, ಇವರೆಲ್ಲರ ಊಟವು ಕಂಪನಿಯ ಒಲೆಯಿಂದಲೇ ಆಗಬೇಕು. ಆಟವಿದ್ದ ದಿನವೂ ಊಟ ಬೇಕು, ಆಟವಿಲ್ಲದ ದಿನವೂ ಊಟ ಬೇಕು. ಆದಾಯವಾದರೋ ಆಟವಿದ್ದ ರಾತ್ರಿಗೆ ಮಾತ್ರ. ಮಳೆ ಹಿಡಿದರೆ ಜನ ಬಾರರು. ಬೆಳೆ ಕೆಟ್ಟರೆ ಜನರ ಕೈಯಲ್ಲಿ ಕಾಸಿರದು. ಊರಿಗೆ ಪ್ಲೇಗು ಕಾಲಿಟ್ಟರೆ ಊರೇ ಬರಿದು. ಒಂದು ಮೊಕ್ಕಾಮಿನಿಂದ ಇನ್ನೊಂದಕ್ಕೆ ಸಾಗುವಾಗ ರೈಲಿನ ಬಾಡಿಗೆ, ಬಂಡಿಯ ಬಾಡಿಗೆ, ಹೊಸ ಊರಿನಲ್ಲಿ ತಗಡಿನ ಥಿಯೇಟರು ಎಬ್ಬಿಸುವ ಖರ್ಚು, ಪರವಾನಗಿಯ ಖರ್ಚು, ಇವೆಲ್ಲ ಮೊದಲ ಟಿಕೇಟು ಮಾರುವುದಕ್ಕೆ ಮುಂಚೆಯೇ ಕೈಬಿಟ್ಟು ಹೋಗುವ ಹಣ. ಹೆಸರಾದ ನಟನು ಮುಂಗಡ ಪಡೆದು ಮತ್ತೊಂದು ಕಂಪನಿಗೆ ಹೊರಟುಹೋದರೆ ಮುಂಗಡವೂ ಹೋಯಿತು, ನಾಟಕವೂ ನಿಂತಿತು. ಇಂತಹ ವೃತ್ತಿಯಲ್ಲಿ ಸಾಲವಿಲ್ಲದೆ ಒಂದು ವರ್ಷ ಕಳೆಯುವುದೇ ಸಾಹಸ.

ಪ್ರತಿಭೆಯೊಂದೇ ಇಲ್ಲಿ ಸಾಲದೆಂಬುದಕ್ಕೆ ನಮ್ಮ ನೆರೆಯ ಮರಾಠಿ ರಂಗಭೂಮಿಯ ಒಂದು ಉದಾಹರಣೆಯನ್ನು ನೆನೆಯಬಹುದು. ಬೆಳಗಾವಿಯ ರಸಿಕರಿಗೂ ಪ್ರಿಯರಾಗಿದ್ದ ಬಾಲಗಂಧರ್ವರು ೧೯೧೩ರಲ್ಲಿ ತಮ್ಮ ಗಂಧರ್ವ ನಾಟಕ ಮಂಡಳಿಯನ್ನು ಸ್ಥಾಪಿಸಿದರು. ಅವರಷ್ಟು ಮಧುರವಾದ ಕಂಠವೂ ಅವರಷ್ಟು ಜನಪ್ರೀತಿಯೂ ಮತ್ತೊಬ್ಬರಿಗೆ ದೊರೆಯುವುದು ದುರ್ಲಭ. ರಂಗದ ಮೇಲೆ ಅಪ್ಪಟ ಜರಿಯ ಸೀರೆ, ನಿಜವಾದ ಅತ್ತರು, ಬೆಲೆಬಾಳುವ ಸಜ್ಜಿಕೆಗಳಿಲ್ಲದೆ ಅವರಿಗೆ ತೃಪ್ತಿಯಿರಲಿಲ್ಲ. ೧೯೨೧ರ ಹೊತ್ತಿಗೆ ಮಂಡಳಿಯ ಸಾಲವು ಲಕ್ಷ ರೂಪಾಯಿಗಳನ್ನು ಮೀರಿತ್ತು. ಆ ಪುಣ್ಯಾತ್ಮರು ಸಾಲವನ್ನು ತಮ್ಮ ತಲೆಯ ಮೇಲೆ ಹೊತ್ತು ಹಾಡಿ ತೀರಿಸಿದರೆಂಬುದು ಅವರ ದೊಡ್ಡತನ; ಆದರೆ ಬಾಳಿನ ಸಂಜೆಯು ಅವರಿಗೆ ಕಷ್ಟದಲ್ಲಿಯೇ ಕಳೆದು ೧೯೬೭ರಲ್ಲಿ ಅವರು ಕಣ್ಮರೆಯಾದರು. ಕಲೆಯಲ್ಲಿ ಕೊರತೆಯಿಲ್ಲದಿದ್ದರೂ ಲೆಕ್ಕದಲ್ಲಿ ಕೊರತೆಯಾದರೆ ಕಲಾವಿದನು ಪರಾಧೀನನಾಗುವನೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಸ್ವಾವಲಂಬನೆಯ ಮಾರ್ಗ

ವೀರಣ್ಣನವರು ಹಿಡಿದ ಮಾರ್ಗವನ್ನು ಪರಿಶೀಲಿಸಿದರೆ ಕೆಲವು ಅಂಶಗಳು ಎದ್ದುಕಾಣುತ್ತವೆ.

ಮೊದಲನೆಯದು, ಅರಮನೆಯ ಆಶ್ರಯವನ್ನು ಗೌರವಿಸಿದರೂ ಅದನ್ನೇ ನೆಚ್ಚಿ ಕೂಡದಿದ್ದುದು. ನಾಲ್ವಡಿ ಕೃಷ್ಣರಾಜ ಒಡೆಯರು ಅವರ ಕಲೆಯನ್ನು ಮೆಚ್ಚಿ 'ನಾಟಕರತ್ನ' ಎಂಬ ಬಿರುದನ್ನು ಅನುಗ್ರಹಿಸಿದರು. ಬಿರುದು ತಲೆಗೆ ಭೂಷಣವೇ ಹೊರತು ಒಲೆಗೆ ಸೌದೆಯಲ್ಲ. ವೀರಣ್ಣನವರ ನಿಜವಾದ ಪೋಷಕನು ನಾಲ್ಕಾಣೆಯ ಟಿಕೇಟು ಕೊಂಡು ನೆಲದ ಮೇಲೆ ಕುಳಿತ ಪ್ರೇಕ್ಷಕನು. ಒಬ್ಬ ದೊರೆಯ ಮನಸ್ಸು ಬದಲಾದರೆ ಆಶ್ರಿತನು ಕೆಡುತ್ತಾನೆ. ಸಾವಿರ ಜನ ಪ್ರೇಕ್ಷಕರ ಮನಸ್ಸು ಒಂದೇ ದಿನ ಬದಲಾಗುವುದಿಲ್ಲ. ಆ ಪ್ರೇಕ್ಷಕರನ್ನು ಹುಡುಕಿಕೊಂಡು ಅವರು ಕನ್ನಡನಾಡಿನ ಗಡಿಯನ್ನೂ ದಾಟಿದರು. ಆಂಧ್ರದ ಊರುಗಳಲ್ಲಿ ತೆಲುಗಿನಲ್ಲಿಯೂ ಆಡಿದರು. ತಮಿಳು ಸೀಮೆಯಲ್ಲಿಯೂ ಮೊಕ್ಕಾಂ ಹೂಡಿದರು. ಕರ್ನಾಟಕಾಂಧ್ರ ನಾಟಕ ಸಾರ್ವಭೌಮರೆಂಬ ಹೊಗಳಿಕೆಯು ಅವರಿಗೆ ಸಂದುದು ಇದರಿಂದಲೇ. ಒಂದು ಸೀಮೆಯಲ್ಲಿ ಮಳೆಯಿದ್ದರೆ ಮತ್ತೊಂದರಲ್ಲಿ ಬಿಸಿಲು. ಒಂದೆಡೆ ಬರವಿದ್ದರೆ ಮತ್ತೊಂದೆಡೆ ಸುಗ್ಗಿ. ಸಂಚಾರದ ವಿಸ್ತಾರವೇ ಅವರಿಗೆ ರಕ್ಷಣೆಯಾಯಿತು.

ಎರಡನೆಯದು, ಕೆಲಸಗಾರನಿಗೆ ನಿಶ್ಚಿಂತೆಯನ್ನು ಕೊಟ್ಟುದು. ಕಂಪನಿಯಲ್ಲಿ ಊಟ, ವಸತಿ, ತಿಂಗಳ ಸಂಬಳದ ಕ್ರಮವಿತ್ತು. ಜೊತೆಗೆ ಕಟ್ಟುನಿಟ್ಟಾದ ಶಿಸ್ತೂ ಇತ್ತು. ಒಂದೊಂದು ರಾತ್ರಿಯ ಏರಿಳಿತವನ್ನು ನಟನು ಹೊರದೆ ಯಜಮಾನನು ಹೊರುವ ಪದ್ಧತಿ ಅದು. ನಾಳಿನ ಚಿಂತೆ ತಪ್ಪಿದ ನಟನು ಇಂದಿನ ಪಾತ್ರದಲ್ಲಿ ಮನಸ್ಸಿಡಬಲ್ಲನು. ನಟರಾದವರಿಗೆ ಸಮಾಜವು ಮರ್ಯಾದೆ ಕೊಡದಿದ್ದ ಕಾಲದಲ್ಲಿ ಅವರಿಗೆ ದುಡಿಮೆಯ ಮರ್ಯಾದೆಯನ್ನು ಕಲ್ಪಿಸಿಕೊಟ್ಟುದು ಸಾಮಾನ್ಯ ಸಂಗತಿಯಲ್ಲ. ಸ್ತ್ರೀಪಾತ್ರಗಳನ್ನು ಗಂಡಸರೇ ಧರಿಸುತ್ತಿದ್ದ ರೂಢಿಯನ್ನು ಬಿಟ್ಟು ಸ್ತ್ರೀಯರಿಗೆ ರಂಗದ ಮೇಲೆ ಗೌರವದ ಸ್ಥಾನವನ್ನು ಕೊಟ್ಟವರಲ್ಲಿಯೂ ಅವರು ಪ್ರಮುಖರು. ಅವರ ಮಡದಿಯರಲ್ಲೊಬ್ಬರಾದ ಬಿ. ಜಯಮ್ಮನವರು ನಾಟಕದಲ್ಲಿಯೂ ಚಲನಚಿತ್ರದಲ್ಲಿಯೂ ಅಗ್ರಶ್ರೇಣಿಯ ಅಭಿನೇತ್ರಿಯೆನಿಸಿದರು. ಕಂಪನಿಯ ಭಾಗ್ಯವನ್ನು ಬರೆಯುವಾಗ ವೀರಣ್ಣನವರ ಹೆಸರಿನ ಪಕ್ಕದಲ್ಲಿ ಆ ಮನೆಯ ಸ್ತ್ರೀಯರ ದುಡಿಮೆಯನ್ನೂ ಬರೆಯದಿದ್ದರೆ ಲೆಕ್ಕವು ಅಪೂರ್ಣವಾಗುವುದು.

ಮೂರನೆಯದು, ಗಳಿಸಿದ ಹಣವನ್ನು ರಂಗದ ಸಲಕರಣೆಗೇ ಮರಳಿ ಹಾಕಿದುದು. ಸಿನಿಮಾ ಎಂಬ ಹೊಸ ಆಕರ್ಷಣೆಯು ಜನರನ್ನು ಎಳೆಯತೊಡಗಿದ ೧೯೩೦ರ ದಶಕದಲ್ಲಿ, ಬಿ. ಪುಟ್ಟಸ್ವಾಮಯ್ಯನವರು ರಚಿಸಿದ 'ಕುರುಕ್ಷೇತ್ರ'ವನ್ನು ಅವರು ಜೀವಂತ ಆನೆ, ಕುದುರೆ, ರಥಗಳೊಡನೆ ಪ್ರದರ್ಶಿಸಿದರು. ಸಿನಿಮಾ ತೆರೆಯ ಮೇಲೆ ತೋರಿಸುವ ನೆರಳನ್ನು ತಾನು ರಂಗದ ಮೇಲೆ ಪ್ರತ್ಯಕ್ಷವಾಗಿ ನಿಲ್ಲಿಸುವೆನೆಂಬ ಪಂಥ ಅದು. ಜನರು ಮುಗಿಬಿದ್ದು ನೋಡಿದರು. ಇದರಲ್ಲಿ ಒಂದು ಅಪಾಯವೂ ಇತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ಒಮ್ಮೆ ಆನೆಯನ್ನು ತಂದವನು ಮರುವರ್ಷ ಅದಕ್ಕಿಂತ ದೊಡ್ಡದನ್ನು ತರಬೇಕಾಗುತ್ತದೆ. ವೈಭವವು ಹೆಚ್ಚಿದಂತೆ ವೆಚ್ಚವೂ ಹೆಚ್ಚುತ್ತದೆ. ಮುಂದಿನ ಕಂಪನಿಗಳು ಈ ವೈಭವವನ್ನು ಅನುಕರಿಸಹೋಗಿ ಭಾರ ತಾಳದೆ ಕುಸಿದುವು. ಅನುಕರಿಸಬೇಕಾದುದು ಆನೆಯನ್ನಲ್ಲ, ಆನೆಯನ್ನು ಸಾಕುವ ಲೆಕ್ಕವನ್ನು.

ಚಲನಚಿತ್ರದ ಪಾಠ

ನಾಲ್ಕನೆಯ ಅಂಶವು ಎಲ್ಲಕ್ಕಿಂತ ಮುಖ್ಯವಾದುದು. ತನ್ನ ವೃತ್ತಿಯನ್ನು ನುಂಗಲು ಬಂದ ಶಕ್ತಿಯನ್ನು ಕಂಡು ಕಣ್ಣು ಮುಚ್ಚಿಕೊಳ್ಳದೆ, ವೀರಣ್ಣನವರು ಅದರ ಒಳಗೇ ಹೊಕ್ಕು ನೋಡಿದರು. ೧೯೩೦ರ ಸುಮಾರಿನಲ್ಲಿ ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ ಎಂಬ ಸಂಸ್ಥೆಯನ್ನು ಕಟ್ಟಿ ಬೆಂಗಳೂರಿನಲ್ಲಿ ಮೂಕಿ ಚಿತ್ರಗಳ ತಯಾರಿಕೆಗೆ ಕೈಯಿಕ್ಕಿದರು. ವೈ. ವಿ. ರಾವ್ ಅವರು ನಿರ್ದೇಶಿಸಿದ 'ಹರಿಮಾಯಾ' ಆ ಸಂಸ್ಥೆಯ ಚಿತ್ರಗಳಲ್ಲಿ ಒಂದು.

ಆದರೆ ಕಾಲವು ಅವರಿಗೆ ಎದುರಾಗಿತ್ತು. ೧೯೩೧ರ ಮಾರ್ಚಿಯಲ್ಲಿ ಮುಂಬಯಿಯಲ್ಲಿ 'ಆಲಂ ಆರಾ' ಎಂಬ ಹಿಂದೀ ವಾಕ್ಚಿತ್ರವು ತೆರೆಕಂಡಿತು. ಚಿತ್ರವು ಮಾತನಾಡತೊಡಗಿದ ಮೇಲೆ ಮೂಕಿಯನ್ನು ಕೇಳುವವರೇ ಇಲ್ಲವಾದರು. ಹಣ ಹಾಕಿ ಕೊಂಡ ಯಂತ್ರಗಳೂ ಶ್ರಮಿಸಿ ತೆಗೆದ ಚಿತ್ರಗಳೂ ಕೆಲವೇ ದಿನಗಳಲ್ಲಿ ಹಳತಾದುವು. ಸಂಸ್ಥೆಯು ನಿಂತುಹೋಯಿತು. ಬೇರೊಬ್ಬರಾಗಿದ್ದರೆ ಇಷ್ಟಕ್ಕೆ ಮುಳುಗಿಬಿಡುತ್ತಿದ್ದರು. ವೀರಣ್ಣನವರು ಮುಳುಗಲಿಲ್ಲ, ಏಕೆಂದರೆ ಹೊಸದನ್ನು ಹಿಡಿಯುವ ಆತುರದಲ್ಲಿ ಅವರು ಹಳೆಯದನ್ನು ಮಾರಿರಲಿಲ್ಲ. ಒಂದೆಡೆ ಸಿನಿಮಾ ಸೋತ ರಾತ್ರಿ ಮತ್ತೊಂದೆಡೆ 'ಸದಾರಮೆ'ಯ ಗಂಟೆ ಬಾರಿಸುತ್ತಿತ್ತು. ನಾಟಕ ಕಂಪನಿಯು ಅವರ ಹೊಲ; ಸಿನಿಮಾವು ಅವರ ಬೇಸಾಯದ ಹೊಸ ಬೀಜ. ಬೀಜ ಕೆಟ್ಟರೂ ಹೊಲ ಉಳಿಯಿತು.

೧೯೩೫ರಲ್ಲಿ 'ಸದಾರಮೆ'ಯು ವಾಕ್ಚಿತ್ರವಾಗಿ ಬಂದಾಗ ಅದರಲ್ಲಿ ಅವರೂ ಜಯಮ್ಮನವರೂ ಅಭಿನಯಿಸಿದರು. ಕನ್ನಡದ ಪ್ರಥಮ ವಾಕ್ಚಿತ್ರವಾದ 'ಸತಿ ಸುಲೋಚನಾ' ೧೯೩೪ರಲ್ಲಿ ಬಂದಿತ್ತು. ಅದರ ಬೆನ್ನಿಗೇ ಬಂದ ಮೊದಲ ಕೆಲವು ಚಿತ್ರಗಳಲ್ಲಿ ಇದು ಒಂದು. ಹತ್ತಾರು ವರ್ಷ ರಂಗದ ಮೇಲೆ ಜನರು ಮೆಚ್ಚಿದ ನಾಟಕವನ್ನೇ ತೆರೆಗೆ ತಂದುದರಲ್ಲಿ ಅವರ ವಿವೇಕವಿದೆ. ಅನಂತರ 'ಸುಭದ್ರಾ' (೧೯೪೧), 'ಜೀವನ ನಾಟಕ' (೧೯೪೨) ಚಿತ್ರಗಳು ಬಂದುವು. ಶಿವಭಕ್ತೆಯಾದ ಹೇಮರೆಡ್ಡಿ ಮಲ್ಲಮ್ಮನ ಕಥೆಯನ್ನು ೧೯೪೦ರ ದಶಕದ ನಡುಭಾಗದಲ್ಲಿ ತೆರೆಗೆ ತಂದಾಗ ಜನತೆಯು ಅದನ್ನು ಭಕ್ತಿಯಿಂದ ಸ್ವೀಕರಿಸಿತು. ಕನ್ನಡ ಚಿತ್ರಗಳಿಗೆ ಬೆಂಗಳೂರಿನಲ್ಲಿ ಸರಿಯಾದ ಅನುಕೂಲಗಳಿಲ್ಲದೆ ಮದರಾಸು, ಕೊಯಮತ್ತೂರುಗಳ ಸ್ಟುಡಿಯೋಗಳನ್ನು ಅವಲಂಬಿಸಬೇಕಾಗಿದ್ದ ಕಾಲ ಅದು. ೧೯೫೦ರ ದಶಕದಲ್ಲಿ ಮದರಾಸಿನ ಎ.ವಿ.ಎಂ. ಸಂಸ್ಥೆಯೊಡನೆ ಕೂಡಿ 'ಗುಣಸಾಗರಿ' (೧೯೫೩), 'ಬೇಡರ ಕಣ್ಣಪ್ಪ' (೧೯೫೪) ಚಿತ್ರಗಳನ್ನು ಗುಬ್ಬಿ ಕರ್ನಾಟಕ ಪ್ರೊಡಕ್ಷನ್ಸ್ ಎಂಬ ಹೆಸರಿನಲ್ಲಿ ನಿರ್ಮಿಸಿದರು. ಒಬ್ಬರೇ ಹೊರಲಾಗದ ಹೊರೆಯನ್ನು ಬಲ್ಲವರೊಡನೆ ಹಂಚಿಕೊಂಡು ಹೊರುವ ಈ ಜಾಣ್ಮೆಯನ್ನು ಅವರಿಗೆ ಕಲಿಸಿದುದು ಇಪ್ಪತ್ತು ವರ್ಷಗಳ ಹಿಂದಿನ ಸೋಲು.

ಐದನೆಯದಾಗಿ, ಚಂಚಲವಾದ ಆದಾಯವನ್ನು ಅಚಲವಾದ ಆಸ್ತಿಯನ್ನಾಗಿ ಮಾಡಲು ಯತ್ನಿಸಿದುದು. ಬೆಂಗಳೂರಿನಲ್ಲಿ ಅವರು ಕಟ್ಟಿಸಿದ ಶಿವಾನಂದ ಥಿಯೇಟರು ಇದಕ್ಕೆ ನಿದರ್ಶನ. ತಗಡಿನ ಥಿಯೇಟರನ್ನು ಕಟ್ಟುವುದು, ಕೀಳುವುದು, ಸಾಗಿಸುವುದು ಇವುಗಳಲ್ಲಿ ವ್ಯಯವಾಗುತ್ತಿದ್ದ ಹಣವು ಕಲ್ಲುಗಾರೆಯ ಕಟ್ಟಡವಾಗಿ ನಿಂತರೆ, ತಾನು ಆಡದ ದಿನವೂ ಅದು ಬಾಡಿಗೆ ತರಬಲ್ಲದು. ನಾಟಕವಿಲ್ಲದಿದ್ದರೆ ಸಿನಿಮಾ ತೋರಿಸಬಲ್ಲದು. ಮುಂದೆ ಆ ಕಟ್ಟಡವು ಮೂವಿಲ್ಯಾಂಡ್ ಎಂಬ ಹೆಸರಿನಿಂದ ಚಿತ್ರಮಂದಿರವಾಗಿಯೇ ಪ್ರಸಿದ್ಧವಾಯಿತು. ಕಲಾವಿದನ ಕಂಠವು ಒಂದು ದಿನ ಬಾಡುತ್ತದೆ, ಮುಖದ ಕಾಂತಿಯು ಮಾಸುತ್ತದೆ. ದೇಹವು ದುಡಿಯಲಾರದ ದಿನಕ್ಕೆ ದೇಹವು ದುಡಿಯುವ ದಿನದಲ್ಲಿಯೇ ಸಿದ್ಧತೆ ಮಾಡಿಕೊಳ್ಳಬೇಕೆಂಬ ಗೃಹಸ್ಥನ ನೀತಿಯನ್ನು ಅವರು ರಂಗದವರಾಗಿಯೂ ಮರೆಯಲಿಲ್ಲ.

ಜನರಲ್ಲಿ ಹೂಡಿದ ಬಂಡವಾಳ

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ವೀರಣ್ಣನವರು ಒಬ್ಬ ಜಾಣ ವ್ಯಾಪಾರಿಯೆಂಬ ಭಾವನೆ ಬಂದೀತು. ಅವರ ಹಿರಿಮೆಯು ಅದಕ್ಕಿಂತ ಮೇಲಿನದು. ಕಾಯಕದಿಂದ ಬಂದುದನ್ನು ದಾಸೋಹದಲ್ಲಿ ಸವೆಸದಿದ್ದರೆ ಕಾಯಕವು ಪೂರ್ಣವಾಗದೆಂಬುದು ಶರಣಧರ್ಮದ ತಿರುಳಷ್ಟೆ. ವೀರಣ್ಣನವರ ದಾಸೋಹವು ಮನುಷ್ಯರನ್ನು ಬೆಳೆಸುವ ದಾಸೋಹ.

ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರೆಂಬ ನಟರು ಆ ಕಂಪನಿಯಲ್ಲಿ ದುಡಿಯುತ್ತಿದ್ದರು. ಅವರೊಡನೆ ಬಂದ ಅವರ ಮಗ ಮುತ್ತುರಾಜನು ಕಂಪನಿಯ ಅನ್ನವನ್ನುಂಡು ಕಂಪನಿಯ ವಿದ್ಯೆಯನ್ನು ಕಲಿತನು. ೧೯೫೪ರಲ್ಲಿ 'ಬೇಡರ ಕಣ್ಣಪ್ಪ' ಚಿತ್ರದ ನಾಯಕನಾಗಿ ರಾಜಕುಮಾರನೆಂಬ ಹೆಸರಿನಿಂದ ನಾಡಿಗೆ ಪರಿಚಿತನಾದವನು ಅವನೇ. ಆ ಚಿತ್ರದಿಂದಲೇ ನರಸಿಂಹರಾಜು ಅವರೂ ತೆರೆಗೆ ಬಂದರು. ಜಿ. ವಿ. ಅಯ್ಯರ್, ಬಾಲಕೃಷ್ಣ ಮೊದಲಾಗಿ ಕನ್ನಡ ಚಿತ್ರರಂಗದ ಮೊದಲ ತಲೆಮಾರಿನ ಎಷ್ಟೋ ಮಂದಿ ಆ ಕಂಪನಿಯ ನೆರಳಿನಲ್ಲಿ ಬೆಳೆದವರು. ಶಾಲೆಯ ಹಲಗೆಯನ್ನು ಹೆಚ್ಚು ಹಿಡಿಯದ ವೀರಣ್ಣನವರು ಹೀಗೆ ಒಂದು ವಿದ್ಯಾಲಯವನ್ನೇ ನಡೆಸಿದರು.

ಇವೆಲ್ಲಕ್ಕಿಂತ ವಿದ್ಯಾಸಂಸ್ಥೆಯವರಾದ ನಮ್ಮ ಮನಸ್ಸನ್ನು ತಟ್ಟುವ ಸಂಗತಿಯೊಂದಿದೆ. ದಕ್ಷಿಣ ಕನ್ನಡದ ಒಬ್ಬ ಬಡ ಹುಡುಗನು ನಾಟಕದ ಹುಚ್ಚಿನಿಂದ ಮನೆಬಿಟ್ಟು ಬಂದು ಗುಬ್ಬಿ ಕಂಪನಿಯನ್ನು ಸೇರಿದನು. ಹುಡುಗನು ಚುರುಕಾಗಿದ್ದನು, ಚೆನ್ನಾಗಿ ಹಾಡುತ್ತಿದ್ದನು. ಅಂತಹವನನ್ನು ಕಂಪನಿಯಲ್ಲಿಯೇ ಉಳಿಸಿಕೊಂಡು ಅವನಿಂದ ಲಾಭ ಪಡೆಯಬಹುದಾಗಿತ್ತು. ವೀರಣ್ಣನವರು ಹಾಗೆ ಮಾಡದೆ ಅವನನ್ನು ಉನ್ನತ ವ್ಯಾಸಂಗಕ್ಕಾಗಿ ಕಾಶಿಗೆ ಕಳುಹಿಸಿಕೊಟ್ಟರು. ಆ ಹುಡುಗನೇ ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕನಾಗಿ, ಮೈಸೂರಿನ ರಂಗಾಯಣದ ಸ್ಥಾಪಕನಾಗಿ, ೨೦೦೨ರಲ್ಲಿ ನಿಧನನಾಗುವವರೆಗೂ ಭಾರತದ ರಂಗಭೂಮಿಯನ್ನು ಬೆಳಗಿದ ಬಿ. ವಿ. ಕಾರಂತರು. ಕಂಪನಿ ನಾಟಕದ ಯುಗವು ಮುಗಿದರೂ ಅದರ ರಂಗಸಂಗೀತದ ಸತ್ತ್ವವು ಕಾರಂತರ ಮೂಲಕ ಹೊಸ ರಂಗಭೂಮಿಗೆ ಹರಿದುಬಂದಿತು. ಕಟ್ಟಡಕ್ಕೆ ಹಾಕಿದ ಹಣ, ಚಿತ್ರಕ್ಕೆ ಹಾಕಿದ ಹಣ, ಆನೆಗೆ ಹಾಕಿದ ಹಣ, ಇವೆಲ್ಲಕ್ಕಿಂತ ಆ ಹುಡುಗನ ವಿದ್ಯೆಗೆ ಹಾಕಿದ ಹಣವು ಹೆಚ್ಚು ಕಾಲ ಉಳಿಯಿತೆಂದು ಇಂದು ಹೇಳಬಹುದಾಗಿದೆ.

ಅಸ್ತಮಾನ

ಭಾರತ ಸ್ವತಂತ್ರವಾದ ಮೇಲೆ ಗೌರವಗಳು ಅವರನ್ನು ಅರಸಿಕೊಂಡು ಬಂದುವು. ೧೯೫೫ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, ೧೯೭೨ರಲ್ಲಿ ಪದ್ಮಶ್ರೀ ದೊರೆತುವು. ಅದೇ ವರ್ಷ ಅಕ್ಟೋಬರ್ ೧೮ರಂದು, ತಮ್ಮ ೮೧ನೆಯ ವಯಸ್ಸಿನಲ್ಲಿ, ಅವರು ಶಿವೈಕ್ಯರಾದರು. ಅವರ ಮೊಮ್ಮಗಳಾದ ಬಿ. ಜಯಶ್ರೀಯವರು ಆ ಪರಂಪರೆಯನ್ನು ಹೊಸ ರೀತಿಯಲ್ಲಿ ಮುಂದುವರಿಸಿ, ೨೦೧೦ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡು, ೨೦೧೩ರಲ್ಲಿ ಪದ್ಮಶ್ರೀಯನ್ನು ಪಡೆದರು. ಕರ್ನಾಟಕ ಸರ್ಕಾರವು ರಂಗಭೂಮಿಯ ಹಿರಿಯರಿಗಾಗಿ ಗುಬ್ಬಿ ವೀರಣ್ಣ ಪ್ರಶಸ್ತಿಯನ್ನು ಏರ್ಪಡಿಸಿತು.

ಅವರು ಕಟ್ಟಿದ ಕಂಪನಿಯಾದರೋ ಹಳೆಯ ವೈಭವದಲ್ಲಿ ಉಳಿಯಲಿಲ್ಲ. ಒಬ್ಬ ಮಹಾಪುರುಷನ ಮುಖವನ್ನು ನೋಡಿ ನಡೆಯುವ ಸಂಸ್ಥೆಯು ಆ ಮುಖವು ಮರೆಯಾದಾಗ ಬಾಡುವುದು ಸಹಜ. ಇದನ್ನು ಅವರ ಸೋಲೆಂದು ನಾನು ಎಣಿಸುವುದಿಲ್ಲ. ಆದರೆ ಸಂಸ್ಥೆಗಳನ್ನು ನಡೆಸುವವರು ಇದನ್ನೊಂದು ಎಚ್ಚರಿಕೆಯಾಗಿ ಗ್ರಹಿಸಬೇಕು. ವ್ಯಕ್ತಿಯ ಸ್ವಾವಲಂಬನೆ ಒಂದು ಮೆಟ್ಟಿಲು, ಸಂಸ್ಥೆಯ ಸ್ವಾವಲಂಬನೆ ಅದರ ಮೇಲಿನ ಮೆಟ್ಟಿಲು. ಮೊದಲನೆಯದನ್ನು ವೀರಣ್ಣನವರು ಸಾಧಿಸಿದರು. ಎರಡನೆಯದಕ್ಕೆ ಒಬ್ಬರ ಆಯುಷ್ಯ ಸಾಲದು. ಮಠಗಳು ಶತಮಾನಗಳ ಕಾಲ ಬಾಳುವುದು ಪೀಠವು ವ್ಯಕ್ತಿಗಿಂತ ದೊಡ್ಡದೆಂಬ ನಂಬಿಕೆಯಿಂದ.

ನಮಗೆ ಉಳಿದ ಮಾತು

ಆರಂಭದಲ್ಲಿ ಹೇಳಿದ ಹಿರಿಯರ ಭಯಕ್ಕೆ ಈಗ ಮರಳೋಣ. ಹಾಡುವ ಹುಡುಗನೂ ಚಿತ್ರ ಬರೆಯುವ ಹುಡುಗಿಯೂ ಇಂದಿಗೂ ನಮ್ಮ ತರಗತಿಗಳಲ್ಲಿ ಕುಳಿತಿದ್ದಾರೆ. ಕಂಪನಿಯ ಥಿಯೇಟರು ಹೋಗಿದೆ, ಬೇರೆ ಬೇರೆ ತೆರೆಗಳು ಬಂದಿವೆ. ಆದರೆ ಕಲೆಯ ಆದಾಯವು ಇಂದಿಗೂ ಮಳೆಗಾಲದ ಹಳ್ಳದಂತೆ, ಒಮ್ಮೆ ದಡಮೀರಿ ಹರಿದರೆ ಮತ್ತೊಮ್ಮೆ ಬತ್ತಿಹೋಗುತ್ತದೆ. ಆ ಮಕ್ಕಳಿಗೆ ನಾವು ಏನೆಂದು ಹೇಳಬೇಕು? ಬೇಡವೆಂದರೆ ಪ್ರತಿಭೆಯನ್ನು ಕೊಂದಂತೆ. ವಿಚಾರಿಸದೆ ಹೋಗೆಂದರೆ ಮಗುವನ್ನು ಮಡುವಿಗೆ ನೂಕಿದಂತೆ.

ವೀರಣ್ಣನವರ ಬಾಳು ನಡುವಣ ದಾರಿಯೊಂದನ್ನು ತೋರಿಸುತ್ತದೆ. ಕಲೆಯನ್ನು ಕಲಿಯುವವನು ಲೆಕ್ಕವನ್ನೂ ಕಲಿಯಬೇಕು. ಕೈಗೆ ಬಂದ ಸುಗ್ಗಿಯನ್ನು ಒಂದೇ ಹಬ್ಬದಲ್ಲಿ ಉಣ್ಣದೆ ಬರಗಾಲದ ಹಗೇವಿಗೆ ಒಂದು ಪಾಲನ್ನು ಹಾಕಬೇಕು. ಹೊಸ ಸಾಹಸಕ್ಕೆ ಹೊರಡುವಾಗ ಹಳೆಯ ಹೊಲವನ್ನು ಮಾರಬಾರದು. ಒಬ್ಬನೇ ಆಶ್ರಯದಾತನನ್ನು ನೆಚ್ಚದೆ ಹಲವರ ಪ್ರೀತಿಯನ್ನು ಗಳಿಸಬೇಕು. ಸೋತಾಗ ಸೋಲಿನ ಕಾರಣವನ್ನು ಅದೃಷ್ಟದ ತಲೆಗೆ ಕಟ್ಟದೆ ಮುಂದಿನ ಕೆಲಸಕ್ಕೆ ಪಾಠವಾಗಿಸಿಕೊಳ್ಳಬೇಕು. ಹಣದಿಂದ ಪಡೆಯಬೇಕಾದುದು ವಿಲಾಸವಲ್ಲ. ಯಾರ ಮುಂದೆಯೂ ಕೈಚಾಚದೆ ತನ್ನ ಕಲೆಯನ್ನು ತನ್ನ ಮನಸ್ಸಿನಂತೆ ಮಾಡುವ ಸ್ವಾತಂತ್ರ್ಯ. ಇದನ್ನು ಬೋಧಿಸುವುದು ಗಣಿತದ ಅಧ್ಯಾಪಕರ ಕೆಲಸವೂ ಹೌದು, ಸಂಗೀತದ ಅಧ್ಯಾಪಕರ ಕೆಲಸವೂ ಹೌದು.

ಈ ಸಂಪುಟವನ್ನು ಓದುವ ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ಒಂದು ವಿನಂತಿ. ಕೊಠಡಿಗೆ ಕೊಟ್ಟ ಕಲ್ಲಿನ ಮೇಲೆ ದಾನಿಯ ಹೆಸರು ಇರುತ್ತದೆ. ಅದೂ ಪುಣ್ಯದ ಕೆಲಸವೇ. ಕಾಶಿಗೆ ಹೋದ ಹುಡುಗನ ಮೇಲೆ ವೀರಣ್ಣನವರು ತಮ್ಮ ಹೆಸರನ್ನು ಕೆತ್ತಿಸಲಿಲ್ಲ. ಆದರೂ ಕಾರಂತರ ಹೆಸರು ಬಂದಲ್ಲೆಲ್ಲ ಗುಬ್ಬಿಯ ಹೆಸರೂ ಬರುತ್ತದೆ. ನಮ್ಮ ಸೀಮೆಯ ಬಡ ಮನೆಯ ಪ್ರತಿಭಾವಂತ ಮಗುವೊಂದಕ್ಕೆ, ಅದು ಯಾವ ಕಲೆಯನ್ನೇ ಆರಿಸಿಕೊಳ್ಳಲಿ, ವ್ಯಾಸಂಗ ಮುಗಿಯುವತನಕ ಅನ್ನಕ್ಕೂ ಪುಸ್ತಕಕ್ಕೂ ಕೊರತೆಯಾಗದಂತೆ ನೋಡಿಕೊಳ್ಳುವವರು ಮುಂದೆ ಬಂದರೆ ಅದು ವೀರಣ್ಣನವರ ಸ್ಮರಣೆಗೆ ಸಲ್ಲಿಸುವ ನಿಜವಾದ ಕಾಣಿಕೆಯಾದೀತು.

ಶ್ರೀ ಗುರುವಿನ ಕೃಪೆಯಿಂದ ಅಂತಹ ಮನಸ್ಸುಗಳು ನಮ್ಮಲ್ಲಿ ಹೆಚ್ಚಲೆಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ.